ನೀಲಿ ಹರಳಿನ ಪಕ್ಕ ಇಟ್ಟ ಕರ್ಪೂರ

ಆ ಕರ್ಪೂರ ಇಟ್ಟವನು ನಾನು, ನಾಗವೇಣಿ. ನಿನ್ನ ಸ್ಯಾಂಪಲ್‌ಗಳಿದ್ದ ಗಾಜಿನ ಪಾತ್ರೆಯೊಳಗೆ, ತೂತಿನ ತಟ್ಟೆಯ ಕೆಳಗೆ, ನೀಲಿ ಹರಳುಗಳ ಪಕ್ಕದಲ್ಲಿ— ಕೈಯಾರೆ ಇಟ್ಟೆ. ಇಟ್ಟಾಗ ಅದು ಬರೀ ಸೋಮಾರಿತನ. ಅದನ್ನು ತಪ್ಪು ಅಂತ ಕರೆದು ಸುಮ್ಮನಾಗಬಹುದಿತ್ತು. ಆದರೆ ಏನಾಯಿತು ಅನ್ನುವುದು ಗೊತ್ತಾದ ಮೇಲೂ, ಸರ್ ನೇರವಾಗಿ ಕೇಳಿದಾಗಲೂ, ನೀನು ನನ್ನ ಮುಖವನ್ನೇ ನೋಡುತ್ತಿದ್ದಾಗಲೂ ‘ಇಲ್ಲ’ ಅಂದೆನಲ್ಲ, ಅದಕ್ಕೆ ಏನು ಹೆಸರಿಡಲಿ? ನೀನು ಸುಳ್ಳುಗಾರ್ತಿ ಅನ್ನಿಸಿಕೊಂಡು ಆ ಕಟ್ಟಡದ ಮೆಟ್ಟಿಲಿಳಿದೆ. ಸುಳ್ಳು ಹೇಳಿದ್ದವನು ನಿನ್ನ ಬ್ಯಾಗು ಹಿಡಿದುಕೊಂಡು ನಿನ್ನ ಹಿಂದೆಯೇ ಬಂದ.

ಇದನ್ನು ನಿನಗೊಬ್ಬಳಿಗೇ ಹೇಳಿ ಮುಗಿಸಬಹುದಿತ್ತು. ಆದರೆ ಅವತ್ತು ನಿನ್ನ ಮಾನ ಹೋದದ್ದು ನಾಲ್ಕು ಜನರ ಎದುರಿಗೆ. ಹಾಗಿರುವಾಗ ನಾನು ಮಾತ್ರ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೆ... ಅದೂ ಒಂದು ಬಗೆಯ ಜಾಣತನವೇ ಆಗುತ್ತದೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ.

ನನ್ನ ಹೆಸರು ರಂಗಸ್ವಾಮಿ. ಊರು ಮಧುಗಿರಿ. ಬೆಟ್ಟದ ಬುಡದಲ್ಲೇ ಮನೆ. ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ. ವಿದ್ಯಾರ್ಥಿಗಳು ಅದನ್ನು ಕರೆದಾಗಲೆಲ್ಲ ಒಳಗೆ ಏನೋ ಚುಚ್ಚುತ್ತದೆ ಅಂತ ಬರೆದರೆ ಅದೂ ಸುಳ್ಳಾದೀತು. ಎಷ್ಟೋ ದಿನ ಏನೂ ಚುಚ್ಚಲಿಲ್ಲ. ಹಾಯಾಗಿಯೇ ಇದ್ದೆ. ಮೊದಲು ಅದನ್ನು ಒಪ್ಪಿಕೊಳ್ಳಬೇಕು.

ಆ ಡಾಕ್ಟರ್ ಪದವಿ ಸಿಕ್ಕಿದ್ದು ಶಿರಾದ ಕಡೆಯ ಒಂದು ಕಾಲೇಜಿನ ಚಿಕ್ಕ ಸಂಶೋಧನಾ ಕೇಂದ್ರದಲ್ಲಿ. ನಮ್ಮ ಗೈಡ್ ಒಬ್ಬರು ಮುಂಗೋಪದ, ಆದರೆ ಕೆಲಸದಲ್ಲಿ ಕಡುನಿಷ್ಠೆಯ ಮನುಷ್ಯ; ನಾವೆಲ್ಲ ಸರ್ ಅಂತಷ್ಟೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ನಾನು ಸೀನಿಯರ್. ಪ್ರಯೋಗಾಲಯದ ಬೀಗದ ಕೈ ನನ್ನ ಹತ್ತಿರ. ನೀನು ಬಂದದ್ದು ನಾನು ಪ್ರಬಂಧ ಬರೆಯಲು ಕೂತ ವರ್ಷ. ಪಾವಗಡದ ತಿರುಮಣಿಯವಳು, ತುಟಿ ತೆರೆದರೆ ಅರ್ಧ ಕನ್ನಡ ಅರ್ಧ ತೆಲುಗು. ಬಂದ ವಾರಕ್ಕೇ ನನ್ನನ್ನು ಅಣ್ಣಾ ಅಂದೆ.

ಈ ಕೆಲಸಕ್ಕೆ ಯಾಕೆ ಬಂದೆ ಅಂತ ಕೇಳಿದ್ದೆ, ನೆನಪಿದೆಯಾ? ನಿಮ್ಮಪ್ಪನ ಹೊಲ ಗುತ್ತಿಗೆಗೆ ಹೋಗಿ ಅದರ ತುಂಬ ಸೋಲಾರ್ ಪ್ಯಾನಲ್ ಎದ್ದು ನಿಂತಿದ್ದವು. ಕಡಲೇಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಕಪ್ಪು ತಟ್ಟೆಗಳ ಸಾಲು. ಬೇಲಿಯಾಚೆ ನಿಂತು ನೋಡುತ್ತಿದ್ದೆಯಂತೆ. ನೀನು ಅಂದದ್ದು ಇಷ್ಟು:

“ನಮ್ಮ ಹೊಲದಾಗೆ ಕುಂತಿರೋ ತಟ್ಟೆ ಒಳಗೆ ಏನೈತೆ ಅಂತ ನಮ್ಗೇ ಗೊತ್ತಿಲ್ಲ ಅಂದ್ರೆ ನಾಚ್ಕೆ ಅಲ್ವಾ ಅಣ್ಣಾ?”

ನಾನು ನಕ್ಕೆ. ನಾನು ಈ ಕಡೆ ಬಂದದ್ದು ಬೇರೆ ಸೀಟು ಸಿಗಲಿಲ್ಲ ಅಂತ.

ನಾವು ನೋಡುತ್ತಿದ್ದದ್ದು ಆ ಪ್ಯಾನಲ್‌ಗಳಲ್ಲಿರುವ ಸಿಲಿಕಾನ್ ಅಲ್ಲ. ಸೀಸ, ಅಯೋಡಿನ್ ಸೇರಿ ಆಗುವ ಒಂದು ಬಗೆಯ ಹರಳು— ಪೆರೋವ್‌ಸ್ಕೈಟ್ ಅನ್ನುತ್ತಾರೆ. ಗಾಜಿನ ಚೂರಿನ ಮೇಲೆ ಅದರ ದ್ರಾವಣದ ಹನಿ ಬಿಟ್ಟು, ಗಿರ್ರನೆ ತಿರುಗಿಸಿ, ಬಿಸಿ ಮಾಡಿದರೆ ಹಳದಿ ಬಣ್ಣ ಹೋಗಿ ಕರ್ರಗೆ ಹೊಳೆಯುವ ತೆಳು ಪದರ ಕೂರುತ್ತದೆ. ಅದರ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್‌ಗಳು ಕಳಚಿಕೊಂಡು ಹರಿಯುತ್ತವೆ, ಕರೆಂಟು ಬರುತ್ತದೆ. ಆದರೆ ಪದರದ ಮೈಮೇಲೆ ಕಣ್ಣಿಗೆ ಕಾಣದ ಗುಳಿಗಳಿರುತ್ತವೆ. ಗೋಲಿ ಆಡುವಾಗ ಗೋಲಿ ಗುಳಿಗೆ ಬಿದ್ದು ಕೂರುವುದಿಲ್ಲವೇ, ಹಾಗೆ ಎಲೆಕ್ಟ್ರಾನ್‌ಗಳು ಅಲ್ಲಿ ಬಿದ್ದು ಕೂರುತ್ತವೆ. ಕರೆಂಟು ಬಡವಾಗುತ್ತದೆ. ಗುಳಿ ಕಡಿಮೆ ಮಾಡುವುದು ಹೇಗೆ, ಅದೇ ನಮ್ಮೆಲ್ಲರ ತಲೆನೋವು. ಇನ್ನೊಂದು ತಲೆನೋವು ತೇವ. ಸ್ವಲ್ಪ ಥಂಡಿ ತಗುಲಿದರೂ ಪದರ ಮತ್ತೆ ಹಳದಿಗೆ ತಿರುಗಿ ಕೆಡುತ್ತದೆ. ಅದಕ್ಕೇ ಸ್ಯಾಂಪಲ್‌ಗಳನ್ನು ಡೆಸಿಕೇಟರ್‌ನಲ್ಲಿ ಇಡುತ್ತಿದ್ದೆವು. ದಪ್ಪ ಗಾಜಿನ ಪಾತ್ರೆ, ಮೇಲೆ ಬಿಗಿ ಮುಚ್ಚಳ, ಮಧ್ಯೆ ತೂತಿನ ತಟ್ಟೆ, ಅದರ ಕೆಳಗೆ ತೇವ ಹೀರುವ ನೀಲಿ ಹರಳುಗಳು. ಹೀರಿ ಹೀರಿ ಅವು ಗುಲಾಬಿ ಬಣ್ಣಕ್ಕೆ ತಿರುಗಿದಾಗ ತೆಗೆದು ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಬೇಕು. ಆ ಕೆಲಸ ನನ್ನದು. ತಟ್ಟೆಯ ಮೇಲಿನದು ನಿನ್ನದು, ಕೆಳಗಿನದು ನನ್ನದು.

ಆಯುಧಪೂಜೆ ಬಂತು. ಸರ್ ಕಟ್ಟಪ್ಪಣೆ ಮಾಡಿದ್ದರು— ಬಾಗಿಲ ಹೊರಗೆ ಏನು ಬೇಕಾದರೂ ಮಾಡಿಕೊಳ್ಳಿ, ಹೊಸ್ತಿಲು ದಾಟಿ ಕುಂಕುಮ, ಕರ್ಪೂರ, ಹೂವು, ನೀರು ಒಂದೂ ಒಳಗೆ ಬರಕೂಡದು. ದೇವರ ಮೇಲಿನ ಕೋಪಕ್ಕಲ್ಲ. ಮನೆಯಲ್ಲಿ ಅವರೂ ಪೂಜೆ ಮಾಡುವವರೇ. ಒಮ್ಮೆ ಯಾರೋ ಭಕ್ತಿ ಉಕ್ಕಿ ತಕ್ಕಡಿಗೆ ಕುಂಕುಮ ಹಚ್ಚಿ, ಅದು ಎಲ್ಲ ಅಳತೆಯಲ್ಲೂ ಸೇರಿಕೊಂಡು ಒಂದು ಸೆಮಿಸ್ಟರ್ ಹಾಳಾಗಿತ್ತಂತೆ. ನಾವು ಹೊರಗೇ ಮಾಡಿದೆವು. ಬಾಗಿಲಿಗೆ ಮಾವಿನೆಲೆ, ಬೂದುಗುಂಬಳ ಒಡೆದದ್ದು, ಪುರಿ ಹಂಚಿದ್ದು... ನೀನು ಕುಂಬಳದ ಚೂರು ತುಳಿದು ಜಾರಿ ಬಿದ್ದು ನೀನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಎಲ್ಲರೂ ಹೋದ ಮೇಲೆ ಉಳಿದ ಸಾಮಾನು ಎತ್ತಿಡುವುದು ನನ್ನ ಪಾಲಿಗೆ ಬಂತು. ಅರ್ಧ ಪೊಟ್ಟಣ ಕರ್ಪೂರ, ಒಂದು ಬೆಂಕಿಪೊಟ್ಟಣ. ಹೊರಗೆ ಜಡಿಮಳೆ ಹಿಡಿದಿತ್ತು. ಹಿಂದಿನ ವರ್ಷ ಡ್ರಾಯರಿನಲ್ಲಿಟ್ಟಿದ್ದ ಬೆಂಕಿಪೊಟ್ಟಣ ತೇವ ಹಿಡಿದು, ದೀಪಾವಳಿಗೆ ಎಷ್ಟು ಗೀರಿದರೂ ಹತ್ತದೆ ಪೂಜೆಗೆ ಅಪಶಕುನ ಅಂತ ಎಲ್ಲರೂ ನನ್ನನ್ನೇ ಬೈದಿದ್ದರು. ಈ ಸಲ ಜಾಣನಾದೆ. ಇಡೀ ಕಾಲೇಜಿನಲ್ಲಿ ತೇವವೇ ಇಲ್ಲದ ಜಾಗ ಅಂದರೆ ಅದೊಂದೇ ಅಲ್ಲವೇ? ಮುಚ್ಚಳ ಸರಿಸಿ, ತಟ್ಟೆ ಎತ್ತಿ, ನೀಲಿ ಹರಳಿನ ಪಕ್ಕ ಎರಡನ್ನೂ ಇಟ್ಟು ಮುಚ್ಚಿದೆ. ಅಬ್ಬಾ ನನ್ನ ತಲೆಯೇ, ಅಂತ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡ ನೆನಪು. ಆಮೇಲೆ ಮರೆತೆ. ಪೂರ್ತಿ ಮರೆತೆ.

ಕರ್ಪೂರ ಏನಾಗುತ್ತದೆ ಅಂತ ಗೊತ್ತಿರಲಿಲ್ಲ ಅನ್ನಲಾರೆ. ನಮ್ಮ ಮನೆಯ ದೇವರ ಗೂಡಿನಲ್ಲಿ ಕರ್ಪೂರದ ಡಬ್ಬಿಗೆ ನಾಲ್ಕು ಮೆಣಸಿನಕಾಳು ಹಾಕದೆ ಅವ್ವ ಮುಚ್ಚಳ ಮುಚ್ಚುತ್ತಿರಲಿಲ್ಲ. “ಕಾಳು ಹಾಕ್ಲಾ ರಂಗ, ಇಲ್ದಿದ್ರೆ ಕರ್ಪೂರ ಹಾರೋಯ್ತದೆ ಕಣ್ಲಾ” ಅನ್ನುವುದನ್ನು ಚಡ್ಡಿ ಹಾಕುವ ವಯಸ್ಸಿನಿಂದ ಕೇಳಿದ್ದೇನೆ. ಕರ್ಪೂರ ಕರಗುವುದಿಲ್ಲ, ಗಟ್ಟಿಯಾಗಿದ್ದುಕೊಂಡೇ ಗಾಳಿಗೆ ಹಾರುತ್ತದೆ ಅಂತ ತರಗತಿಯಲ್ಲಿ ಪಾಠ ಮಾಡಿದವನೂ ನಾನೇ. ಅವ್ವನ ಮಾತು ಮನೆಯಲ್ಲೇ ಬಿಟ್ಟೆ, ಪಾಠ ತರಗತಿಯಲ್ಲೇ ಬಿಟ್ಟೆ.

ಮುಂದಿನ ವಾರಗಳಲ್ಲಿ ನಿನ್ನ ಸ್ಯಾಂಪಲ್‌ಗಳು ಏನು ಮಾಡಿದವು ಅನ್ನುವುದು ನಿನಗೆ ನನಗಿಂತ ಚೆನ್ನಾಗಿ ನೆನಪಿದ್ದೀತು. ಬೆಳಕು ಬಿಟ್ಟರೆ ಹಿಂದೆಂದೂ ಕಾಣದಷ್ಟು ಕರೆಂಟು. ಬೆಳಕು ಆರಿಸಿದ ಮೇಲೂ ಅದು ಥಟ್ಟನೆ ಬೀಳದೆ ನಿಧಾನ ಇಳಿಯುತ್ತಿತ್ತು. ಗುಳಿಗಳನ್ನೆಲ್ಲ ಯಾರೋ ಮುಚ್ಚಿದ ಹಾಗೆ. ನೀನು ಕುಣಿದಾಡಲಿಲ್ಲ. ಹೊಸ ಗಾಜು, ಹೊಸ ದ್ರಾವಣ, ಮತ್ತೆ ಅಳತೆ, ಮತ್ತೆ ಅದೇ. ಸರ್ ನಿನ್ನ ಬೆನ್ನು ತಟ್ಟಿದರು. ಪೇಪರು ಬರೆಯಲು ಹೇಳಿದರು, ನಿನ್ನ ಹೆಸರೇ ಮೊದಲು ಅಂದರು.

ನನಗೆ ಹೊಟ್ಟೆ ಉರಿಯಿತು, ನಾಗವೇಣಿ. ಮುಚ್ಚಿಡುವುದು ಬೇಡ. ಅಷ್ಟು ವರ್ಷ ಅಲ್ಲೇ ಕೂತು ಕೂದಲು ಉದುರಿಸಿಕೊಂಡವನು ನಾನು, ನಿನ್ನೆ ಮೊನ್ನೆ ಬಂದವಳ ಕೈಗೆ... ಹಾಗೆಲ್ಲ ಅಂದುಕೊಂಡೆ. ಹೊರಗೆ ಮಾತ್ರ ಜಾಮೂನು ತಂದು ಹಂಚಿದೆ.

ಒಂದು ದಿನ ನೀನು ಡೆಸಿಕೇಟರ್ ಮುಚ್ಚಳ ಸರಿಸಿ ಮೂಗು ಎಳೆದೆ. “ಅಣ್ಣಾ, ಇದ್ರೊಳಗೆ ದೇವಸ್ಥಾನದ ವಾಸ್ನೆ ಬತ್ತೈತೆ” ಅಂದೆ. ನಾನು ಹತ್ತಿರ ಬಂದು ಮೂಸಿದೆ. ವಾಸನೆ ಇತ್ತು. ‘ಹಬ್ಬ ಮಾಡಿದ ಮನೆ ಕಣಮ್ಮ, ಇನ್ನೇನು ಬರುತ್ತೆ’ ಅಂತ ತಮಾಷೆ ಮಾಡಿದೆ. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣಕ್ಕೂ ನನಗೆ ಹೊಳೆದಿರಲಿಲ್ಲ. ಅಲ್ಲಿಯವರೆಗಿನದು ತಪ್ಪು ಮಾತ್ರ.

ಪೇಪರು ಕಳಿಸುವ ಮೊದಲು ಹೊರಗಿನಿಂದ ಇಬ್ಬರು ಪ್ರೊಫೆಸರರನ್ನು ಕರೆಸಿ, ಅವರ ಕಣ್ಣೆದುರೇ ಅಳತೆ ಮಾಡಿಸಬೇಕು ಅಂತ ಸರ್ ನಿಶ್ಚಯಿಸಿದರು. ಎಲ್ಲ ಒಪ್ಪವಾಗಿರಲಿ ಅಂತ ನನಗೆ ಹೇಳಿದರು. ನೋಡಿದರೆ ನೀಲಿ ಹರಳು ಗುಲಾಬಿಯಾಗಿದ್ದವು. ತಟ್ಟೆ ಎತ್ತಿದೆ. ಬೆಂಕಿಪೊಟ್ಟಣ ಇತ್ತು. ಪಕ್ಕದಲ್ಲಿ ಚಪ್ಪಟೆಯಾದ ಕಾಗದದ ಪೊಟ್ಟಣ— ಬಿಚ್ಚಿದರೆ ಒಳಗೆ ಏನೂ ಇಲ್ಲ. ಸಾಸಿವೆಯಷ್ಟು ಕೂಡ ಇಲ್ಲ. ವಾಸನೆ ಮಾತ್ರ.

ಹಾರಿಹೋಗಿದೆ ಅಂತ ಗೊತ್ತಾಯಿತು. ಎಲ್ಲಿಗೆ ಹಾರಿತು ಅಂತ ಕೇಳಿಕೊಳ್ಳಲಿಲ್ಲ. ಬಿಗಿ ಮುಚ್ಚಳದ ಪಾತ್ರೆಯಿಂದ ಅದು ಹೋಗುವುದಾದರೂ ಎಲ್ಲಿಗೆ? ಸರ್ ನೋಡಿದರೆ ಸುಲಿದುಬಿಡುತ್ತಾರೆ ಅನ್ನುವುದೊಂದೇ ತಲೆಯಲ್ಲಿತ್ತು. ಕಾಗದ, ಬೆಂಕಿಪೊಟ್ಟಣ ಎರಡನ್ನೂ ಕಸಕ್ಕೆ ಹಾಕಿದೆ. ಪಾತ್ರೆಯನ್ನು ಚೆನ್ನಾಗಿ ತೊಳೆದು ಒಣಗಿಸಿದೆ. ಹರಳು ಕಾಯಿಸಿ ಹಾಕಿದೆ. ಹಳೆಯ ಸ್ಯಾಂಪಲ್‌ಗಳು ಅಷ್ಟು ದಿನದ ಅಳತೆಯಲ್ಲಿ ಸವೆದು, ಗೀಚಿಹೋಗಿದ್ದವು. ನೀನು ಹೊಸದು ಮಾಡಿ ಆ ಫಳಫಳ ಪಾತ್ರೆಯಲ್ಲಿಟ್ಟೆ. ಮಾರನೆಯ ದಿನ ಅಳೆದೆ. ಕರೆಂಟು ಬಿದ್ದುಹೋಗಿತ್ತು. ಎಲ್ಲರ ಸ್ಯಾಂಪಲ್‌ಗಳ ಹಾಗೆ, ಬಡ ಕರೆಂಟು.

ಹಾರಿದ ಕರ್ಪೂರ ನಿನ್ನ ಪದರಗಳ ಮೇಲೆ ಕೂತಿತ್ತು ಅಂತ ಆಗ ಗೊತ್ತಾಯಿತು. ಆ ದಿನ, ಆ ಹೊತ್ತಿಗೆ. ನಿನ್ನ ಮೀಟರಿನ ಮುಳ್ಳು ನೋಡುತ್ತ ನಿಂತಿದ್ದಾಗ.

ಹೇಳೋಣ ಅಂತಲೇ ನಿನ್ನ ಮೇಜಿನ ಹತ್ತಿರ ಬಂದೆ. ನೀನು ಎರಡೂ ಅಂಗೈ ಬಿಚ್ಚಿ ದೀಪದ ಕೆಳಗೆ ಹಿಡಿದು ನೋಡಿಕೊಳ್ಳುತ್ತಿದ್ದೆ. “ನನ್ ಕೈಗೇ ಏನೋ ಆಗೈತೆ ಅಣ್ಣಾ” ಅಂದೆ. ನಿನ್ನ ಕೈಗೆ ಏನೂ ಆಗಿರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು— ಉಳಿದದ್ದೆಲ್ಲ ತಾನಾಗಿ ಬಾಯಿಂದ ಬರುತ್ತಿತ್ತು. ನಾನು ಹೇಳಿದ್ದು, ನಿದ್ದೆಗೆಟ್ಟಿದ್ದೀಯ, ಹೋಗಿ ಮಲಗು ಅಂತ. ಕೈ ನಡುಗಿದ್ದರಿಂದ ಕೆಟ್ಟಿರಬೇಕು ಅಂತ ಬೇರೆ ಸೇರಿಸಿದೆ.

ಆಮೇಲಿನದು ಆ ಕೋಣೆ. ಇಬ್ಬರು ಅತಿಥಿಗಳು, ಸರ್, ನೀನು, ನಾನು. ಅವರ ಎದುರೇ ನೀನು ಹೊಸ ಸ್ಯಾಂಪಲ್ ಮಾಡಿದೆ. ಅಳೆದೆ, ಬರಲಿಲ್ಲ. ಇನ್ನೊಂದು ಮಾಡಿದೆ, ಅದರಲ್ಲೂ ಬರಲಿಲ್ಲ. ಹಾಗಾದರೆ ಅಷ್ಟು ವಾರ ಬಂದದ್ದು ಹೇಗೆ ಅಂತ ಅವರು ಕೇಳಿದರು. ಕೇಳುವ ಧಾಟಿಯಲ್ಲೇ ಉತ್ತರ ಇತ್ತು. ನೀನು ನೆಲ ನೋಡಿದೆ, ಗೋಡೆ ನೋಡಿದೆ, ಕೊನೆಗೆ, ಆಗ ಡೆಸಿಕೇಟರ್ ತೆಗೆದರೆ ದೇವಸ್ಥಾನದ ವಾಸನೆ ಬರುತ್ತಿತ್ತು, ಈಗ ಬರುತ್ತಿಲ್ಲ, ಅದೊಂದೇ ವ್ಯತ್ಯಾಸ ಅಂದೆ. ಅತಿಥಿಗಳಲ್ಲಿ ಒಬ್ಬರು ನಕ್ಕರು. ಸರ್ ನಗಲಿಲ್ಲ. ನನ್ನ ಕಡೆ ತಿರುಗಿದರು.

“ರಂಗಸ್ವಾಮಿ, ಅದು ನಿನ್ನ ವಶದಲ್ಲಿರೋದು. ನಿನಗೆ ಯಾವತ್ತಾದ್ರೂ ವಾಸನೆ ಬಂದಿತ್ತೇನಯ್ಯಾ?”

ನೀನು ನನ್ನನ್ನೇ ನೋಡುತ್ತಿದ್ದೆ. ಅಣ್ಣ ಮೂಸಿದ್ದಾನೆ, ಅಣ್ಣ ಹೇಳುತ್ತಾನೆ ಅಂತ ನಿನ್ನ ಮುಖದಲ್ಲಿ ಒಂದು ಗೆಲುವು ಕೂಡ ಬಂತು.

“ಇಲ್ಲ ಸರ್,” ಅಂದೆ.

ಅಷ್ಟೇ. ಎರಡು ಮಾತು. ನಿನ್ನ ಮುಖ ಆಗ ಹೇಗಾಯಿತು ಅನ್ನುವುದನ್ನು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ, ಕಿಟಕಿ ನೋಡುತ್ತಿದ್ದೆ. ನೀನು ನನ್ನನ್ನು ಸುಳ್ಳುಗಾರ ಅನ್ನಬಹುದಿತ್ತು, ‘ನೀವೂ ಮೂಸಿದ್ರಲ್ಲಾ’ ಅಂತ ಕೂಗಬಹುದಿತ್ತು. ಅನ್ನಲಿಲ್ಲ. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗ, ‘ನಿಮ್ಗೆ ಆವತ್ತು ನೆಗಡಿ ಇತ್ತೇನೋ ಅಣ್ಣಾ’ ಅಂದೆ. ನನ್ನ ಸುಳ್ಳಿಗೆ ಒಂದು ಕಾರಣವನ್ನೂ ನೀನೇ ಹುಡುಕಿಕೊಟ್ಟೆ. ನಾನು ಹ್ಞೂಂ ಅಂದೆ.

ಸರ್ ಪೇಪರು ಕಳಿಸುವುದನ್ನೇ ಕೈಬಿಟ್ಟರು. ನೀನು ಅಳೆಯದೆಯೇ ಅಂಕಿಗಳನ್ನು ಕೂತು ಬರೆದುಕೊಂಡೆ ಅನ್ನುವ ಮಾತು ಕಾರಿಡಾರ್ ತುಂಬ ಹರಡಿತು. ನಿನ್ನನ್ನು ಯಾರೂ ಹೊರಗೆ ಹಾಕಲಿಲ್ಲ. ಆದರೆ ಸರ್ ನಿನ್ನ ಜೊತೆ ಮಾತು ಬಿಟ್ಟರು, ಯಾರೂ ಪಕ್ಕದಲ್ಲಿ ಕೂರಲಿಲ್ಲ. ನೀನೇ ಬಿಟ್ಟು ಹೊರಟೆ. ನಿಮ್ಮಪ್ಪ ಕರೆದುಕೊಂಡು ಹೋಗಲು ಬಂದಿದ್ದರು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

“ನಮ್ ಪಾಪ ಸುಳ್ಳು ಅಬದ್ಧ ಹೇಳೋದಲ್ಲ ಸಾರ್. ನೀವಾದ್ರೂ ಒಂದು ಮಾತು ಹೇಳ್ರಿ ಅವ್ರಿಗೆ.”

ಹೇಳುತ್ತೇನೆ ಅಂದೆ. ಬಸ್ಸು ಹೋಯಿತು. ನಾನು ಕ್ಯಾಂಟೀನಿಗೆ ಹೋಗಿ ಊಟ ಮಾಡಿದೆ. ಊಟ ಸೇರಿತು ಕೂಡ.

ಇಷ್ಟೇ ಆಗಿದ್ದರೆ ಹೇಡಿ ಅಂತ ಒಂದು ಮಾತು ಬೈದುಕೊಂಡು ಬಿಡಬಹುದಿತ್ತು. ಇನ್ನೂ ಒಂದಿದೆ, ಅದು ನಿನಗೆ ಗೊತ್ತಿಲ್ಲ. ನನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆದಿದ್ದೇನೆ. ನಮ್ಮ ಪ್ರಯೋಗಾಲಯದಲ್ಲೇ ಹಿಂದೆ ಬಂದ ಕೆಲವು ಅತಿಯಾದ ಫಲಿತಾಂಶಗಳು ತಯಾರಿಕೆಯ ಅಜಾಗರೂಕತೆಯಿಂದ ಬಂದವು, ಅವನ್ನು ನಂಬಲಾಗದು ಅಂತ. ಹೆಸರು ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಆ ಪ್ಯಾರಾವನ್ನು ಮೆಚ್ಚಿಕೊಂಡರು, ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದೀರಿ ಅಂದರು. ಥೂ.

ವರ್ಷಗಳು ಹೋದವು. ಮದುವೆಯಾಯಿತು, ಕೆಲಸವಾಯಿತು. ಈ ನಡುವೆ ಓದುವಾಗ ಕಣ್ಣಿಗೆ ಬೀಳುತ್ತಿತ್ತು— ಕರ್ಪೂರದ ಜಾತಿಯ ಅಣುಗಳು ಈ ಹರಳಿನ ಸೀಸಕ್ಕೆ ಅಂಟಿಕೊಂಡು ಆ ಗುಳಿಗಳನ್ನು ಮುಚ್ಚುತ್ತವೆ ಅನ್ನುವುದು ಈಗ ಈ ಕ್ಷೇತ್ರದಲ್ಲಿ ಸಾಮಾನ್ಯ ತಿಳಿವಳಿಕೆ. ಬೇಕೆಂದೇ ಅಂಥವನ್ನು ಸೇರಿಸುತ್ತಾರೆ. ಅಂದರೆ ಅದು ಕೆಟ್ಟ ಸ್ಯಾಂಪಲ್ ಆಗಿರಲಿಲ್ಲ, ನಾಗವೇಣಿ. ನೀನು ಅಳೆದದ್ದು ನಿಜವಾಗಿಯೂ ಇತ್ತು. ಆ ಕೋಣೆಯಲ್ಲಿ ನಾನು ಹೌದು ಅಂದಿದ್ದರೆ ನಿನ್ನ ಮಾನವಷ್ಟೇ ಉಳಿಯುತ್ತಿರಲಿಲ್ಲ, ನೀನು ಅಲ್ಲಿಂದ ಮುಂದೆ ಹೋಗುವ ದಾರಿಯೂ ಇತ್ತು. ಓದುತ್ತಿದ್ದ ಪುಟ ಮುಚ್ಚಿ ಬೇರೆ ಪುಟ ತೆಗೆಯುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನದೂ ಅದೇ ಪಾಡು, ಆದರೆ ಕಳ್ಳ ಅನ್ನುವವರು ಯಾರೂ ಇರಲಿಲ್ಲ.

ಈಚೆಗೆ ಕೊರಟಗೆರೆಯ ಹತ್ತಿರದ ಒಂದು ಹೈಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಕರೆದರು. ಅಲ್ಲಿ ವಿಜ್ಞಾನದ ಮೇಡಂ ನೀನು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಜ್ವರ ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿನ್ನ ವಿದ್ಯಾರ್ಥಿನಿಯೊಬ್ಬಳು ಚಿಕ್ಕ ಸೋಲಾರ್ ತಟ್ಟೆಗೆ ಬಲ್ಬು ಜೋಡಿಸಿದ್ದಳು. ಅದು ಹತ್ತಲಿಲ್ಲ. ಹುಡುಗಿ ಅಳುಮೋರೆ ಮಾಡಿ, ನಿನ್ನೆ ಹತ್ತಿತ್ತು ಸಾರ್, ನಿಜವಾಗ್ಲೂ ಹತ್ತಿತ್ತು ಅಂದಳು. ನಾನು ಏನೋ ಹೇಳುವ ಮೊದಲೇ ಹಿಂದಿನಿಂದ ನಿನ್ನ ದನಿ ಬಂತು. ನೆನ್ನೆ ಹತ್ತಿತ್ತು ಅಂದ್ರೆ ಹತ್ತಿತ್ತು, ಅಳಬೇಡ, ನೆನ್ನೆಗೂ ಇವತ್ತಿಗೂ ಏನು ಬೇರೆ ಆಗೈತೆ ನೋಡೋಣ ಬಾ ಅಂತ ಅವಳ ಪಕ್ಕ ಕೂತೆ. ನೀನು ಅವಳನ್ನು ನಂಬಿದೆ. ಮೊದಲು ನಂಬಿ, ಆಮೇಲೆ ಹುಡುಕಿದೆ. ತಂತಿ ಒಂದು ಒಳಗೇ ಸಡಿಲವಾಗಿತ್ತು.

ತಲೆ ಎತ್ತಿದವಳು ನನ್ನನ್ನು ನೋಡಿದೆ. ಅಣ್ಣಾ ಅಂದೆ. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಟೀ ತರಿಸಿದೆ. ಉಳಿದ ಟೀಚರುಗಳಿಗೆ ನನ್ನ ಪರಿಚಯ ಮಾಡಿದೆ, ‘ನಾನು ಸಂಶೋಧನೆ ಬಿಟ್ಟು ಬಂದಾಗ ಬಸ್ ಹತ್ತಿಸೋಕೆ ಬಂದೋರು ಇವ್ರೊಬ್ರೇ’ ಅಂತ. ನಾನು ಲೋಟವನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಟೀ ಬಿಸಿ ಅಂತ ನೀನು ಅಂದುಕೊಂಡೆ, ಟವಲು ಕೊಟ್ಟೆ.

ನೀನು ಗೇಟಿನವರೆಗೂ ಬಂದೆ. ಅಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಹೇಳಿದೆ:

“ನಾನು ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ತಿಳೀಲಿಲ್ಲ ಅಣ್ಣಾ. ಒಂದೊಂದು ಸಲ, ನಾನೇ ಸುಳ್ಳು ನೋಡಿದ್ನೇನೋ ಅನ್ನಿಸ್ತೈತೆ.”

ಅಲ್ಲೇ ಹೇಳಬೇಕಿತ್ತು. ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದೆ. ಬಸ್ಸಿಗೆ ಹೊತ್ತಾಯಿತು ಅಂತ ಹೇಳಿ ಹೊರಟುಬಿಟ್ಟೆ. ಮತ್ತೆ ತಪ್ಪಿಸಿಕೊಂಡೆ! ನಿನ್ನ ಕೆಲಸ ಹೋದದ್ದು, ಪೇಪರು ಹೋದದ್ದು ನನಗೆ ಗೊತ್ತಿತ್ತು. ನಿನ್ನ ಕಣ್ಣನ್ನೇ ನೀನು ನಂಬದ ಹಾಗೆ ಮಾಡಿದ್ದೇನೆ ಅನ್ನುವುದು ಅವತ್ತೇ ಗೊತ್ತಾದದ್ದು.

ಬರೀ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಹಳೆಯ ಪ್ರಯೋಗಾಲಯಕ್ಕೆ ಹೋದೆ. ಈಗ ಅಲ್ಲಿರುವವರು ನನಗಿಂತ ಚಿಕ್ಕವರು, ರಜೆಯಲ್ಲಿ ಕೆಲಸ ಮಾಡಿಕೊಳ್ಳಲು ಬಿಟ್ಟರು. ನಿನ್ನ ಕ್ರಮದಲ್ಲೇ ಪದರಗಳನ್ನು ಮಾಡಿದೆ. ಅರ್ಧವನ್ನು ಖಾಲಿ ಡೆಸಿಕೇಟರ್‌ನಲ್ಲಿ, ಇನ್ನರ್ಧವನ್ನು ಕರ್ಪೂರವಿಟ್ಟ ಡೆಸಿಕೇಟರ್‌ನಲ್ಲಿ ಇಟ್ಟೆ. ನನ್ನ ಕೈ ನಿನ್ನ ಕೈಯಷ್ಟು ಚೊಕ್ಕವಲ್ಲ, ಎಷ್ಟೋ ಕೆಟ್ಟವು. ಆದರೂ ಬೆಳಕು ಬಿಟ್ಟಾಗ ಕಂಡಿತು. ಖಾಲಿ ಪಾತ್ರೆಯವು ಬಡ ಕರೆಂಟು ಕೊಟ್ಟವು. ಕರ್ಪೂರದ ಜೊತೆಯಿದ್ದವು ನಿನ್ನ ಆ ದಿನಗಳ ಹಾಗೆ ಏರಿದವು, ಬೆಳಕು ಆರಿಸಿದ ಮೇಲೂ ನಿಧಾನ ಇಳಿದವು. ಮತ್ತೆ ಮಾಡಿದೆ. ಮತ್ತೆ ಹಾಗೇ. ಆ ಮೇಜಿನ ಮುಂದೆ ಕೂತು ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ನನ್ನಂಥವನನ್ನು ನೋಡಿಯೇ ಹುಟ್ಟಿದ ಮಾತು.

ಅಲ್ಲಿಂದ ನೇರ ಸರ್ ಮನೆಗೆ ಹೋದೆ. ನಿವೃತ್ತರಾಗಿ ಶಿರಾದಲ್ಲೇ ಇದ್ದಾರೆ. ಕಿವಿ ಸ್ವಲ್ಪ ಮಂದವಾಗಿದೆ, ಹಾಗಾಗಿ ಎಲ್ಲವನ್ನೂ ಜೋರಾಗಿ ಹೇಳಬೇಕಾಯಿತು. ಹೂ ಬಿಡಿಸುತ್ತಿದ್ದ ಅವರ ಮನೆಯವರಿಗೂ ಕೇಳಿಸಿತು. ಕೇಳಿಸಲಿ ಅಂದುಕೊಂಡೆ. ಹೇಳಿ ಮುಗಿಸಿ ಸರ್ ಮುಖ ನೋಡಿದೆ. ಬೈಯಲಿ ಅಂತ ಕಾಯುತ್ತಿದ್ದೆ, ಬೈದರೆ ಹಗುರವಾಗುತ್ತೇನೆ ಅನ್ನುವ ಆಸೆ.

“ಅವತ್ತು ಹೇಳಿದ್ದಿದ್ರೆ ಬೈತಿದ್ದೆ ಕಣಯ್ಯಾ,” ಅಂದರು. “ಬೈದು ಸುಮ್ಮನಾಗ್ತಿದ್ದೆ. ಅಷ್ಟೇ ಆಗ್ತಿದ್ದದ್ದು.”

ಆಮೇಲೆ ಇನ್ನೊಂದು ಹೇಳಿದರು, ಅದನ್ನೂ ನಿನಗೆ ತಲುಪಿಸಬೇಕು. ‘ವಾಸನೆ ಅಂದಾಗ ಆ ಹುಡುಗಿಯ ಮಾತನ್ನೇ ಹಿಡಿದು ನಾನು ಪಾತ್ರೆ ಮೂಸಬೇಕಿತ್ತು, ನಿನ್ನನ್ನು ಕೇಳಿದ್ದೇ ನನ್ನ ತಪ್ಪು’ ಅಂದರು. ಅವರ ತಪ್ಪನ್ನು ನನ್ನದರ ಪಕ್ಕ ಇಟ್ಟು ಅಳೆದುಕೊಳ್ಳುವ ಹಕ್ಕು ನನಗಿಲ್ಲ. ಅವರು ಅಂದದ್ದನ್ನು ಇಲ್ಲಿ ಬರೆದಿದ್ದೇನೆ, ಅಷ್ಟೇ.

ಒಂದು ಬೈಗುಳ. ಅದನ್ನು ತಪ್ಪಿಸಿಕೊಳ್ಳಲು ನಿನ್ನನ್ನು ಕೊಟ್ಟೆ.

ನನ್ನ ಪ್ರಬಂಧದಲ್ಲಿರುವ ಆ ಪ್ಯಾರಾ ಸುಳ್ಳು ಅಂತ ವಿಶ್ವವಿದ್ಯಾಲಯಕ್ಕೆ ಬರೆದು ಕಳಿಸಿದ್ದೇನೆ, ಯಾಕೆ ಸುಳ್ಳು ಅನ್ನುವುದನ್ನೂ ಬರೆದಿದ್ದೇನೆ. ಡಾಕ್ಟರ್ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ಅವ್ವನಿಗೂ ಹೇಳಿದೆ. ಅವಳಿಗೆ ಹರಳು, ಎಲೆಕ್ಟ್ರಾನ್ ಏನೂ ತಿಳಿಯಲಿಲ್ಲ. ಮೆಣಸುಕಾಳು ಹಾಕಲಿಲ್ಲವಾ ಅಂತ ಕೇಳಿದಳು. ಆ ಹುಡುಗಿ ಮನೆಯವರಿಗೆ ಮೊದಲು ಹೇಳಬೇಕಿತ್ತು ಕಣೋ, ನನಗೆ ಯಾಕೆ ಹೇಳ್ತೀಯ ಅಂತ ಎದ್ದು ಒಳಗೆ ಹೋದಳು. ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಭಾನುವಾರ ತಿರುಮಣಿಗೆ ಹೋಗುತ್ತೇನೆ. ನಿಮ್ಮಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಮಾತು ಒಂದು ಬಾಕಿಯಿದೆ. ಅಲ್ಲಿಂದ ಕೊರಟಗೆರೆಗೆ, ನಿನ್ನ ಮನೆಗೆ. ಒಂದು ಮೀಟರಿನ ಜೊತೆ ಎರಡು ಗಾಜಿನ ಚೂರು ತರುತ್ತೇನೆ— ಒಂದು ಖಾಲಿ ಪಾತ್ರೆಯದು, ಒಂದು ಕರ್ಪೂರದ ಜೊತೆಯದು. ಯಾವುದು ಯಾವುದೆಂದು ಹೇಳುವುದಿಲ್ಲ. ನೀನೇ ಬೆಳಕು ಬಿಟ್ಟು ನೋಡು. ನಿನ್ನ ಕಣ್ಣು ಹೇಳಿದ್ದನ್ನು ನಂಬು. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀಯ ಅನ್ನುವ ಭಯ ನನಗೆ. ಬಂದ ತಕ್ಷಣ ಟೀ ಇಡಬೇಡ. ಮೊದಲು ನಾನು ಹೇಳುವುದನ್ನು ಕೇಳಿಸಿಕೋ, ಆಮೇಲೆ ಅಣ್ಣ ಅಂತ ಕರೆಯುವುದೋ, ಬಾಗಿಲು ಹಾಕುವುದೋ, ನಿನಗೆ ಬಿಟ್ಟದ್ದು.

ಆ ಕೋಣೆಯಲ್ಲಿ ಸರ್ ಕೇಳಿದ ಪ್ರಶ್ನೆಗೆ ಇಷ್ಟು ವರ್ಷಗಳ ಮೇಲೆ ಉತ್ತರ ಹೇಳುತ್ತಿದ್ದೇನೆ. ನನಗೆ ನೆಗಡಿ ಇರಲಿಲ್ಲ, ನಾಗವೇಣಿ. ನನಗೂ ವಾಸನೆ ಬಂದಿತ್ತು.